ಹಳೇ ಫೈಲಿನ ಮೇಲೆ ಹೊಸ ಫೈಲು

ಆತುರ ನನ್ನ ಜೊತೆಯಲ್ಲೇ ಹುಟ್ಟಿದ್ದು. ಬಸ್ಸು ನಿಲ್ಲುವ ಮೊದಲೇ ಇಳಿಯುತ್ತೇನೆ, ಹಾಲು ಕಾಯುವ ಮೊದಲೇ ಒಲೆ ಆರಿಸುತ್ತೇನೆ. ಇದರಿಂದ ಮೊಣಕಾಲು ತರಚಿದ್ದುಂಟು, ಕಾಫಿ ಕೆಟ್ಟದ್ದುಂಟು. ಸಂಸಾರಕ್ಕೇ ಪೆಟ್ಟು ಬಿದ್ದದ್ದು ಮಾತ್ರ ತೊಂಬತ್ತರ ದಶಕದಲ್ಲಿ, ಹೊಳಲ್ಕೆರೆಯ ನಮ್ಮ ಮನೆಗೆ ಕಂಪ್ಯೂಟರ್ ಬಂದಾಗ.

ಯಾರೋ ಬಳಸಿ ಬಿಟ್ಟ ಹಳೆಯ ಯಂತ್ರ. ಅದರ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಬರೆದದ್ದೆಲ್ಲ ಫ್ಲಾಪಿ ಎಂಬ ಅಂಗೈಯಗಲದ ಬಿಲ್ಲೆಗೇ ಹೋಗಬೇಕು. ನನ್ನ ಹೆಂಡತಿ ಗಿರಿಜ, ತಾಳ್ಯದಲ್ಲಿದ್ದ ತನ್ನ ಸೋದರತ್ತೆ ಗಂಗಮ್ಮನ ಬಾಯಿಂದ ಮದುವೆ ಹಾಡುಗಳನ್ನು ಬರೆದುಕೊಂಡು ಬಂದು, ವರ್ಷವಿಡೀ ಕೂತು ಅರವತ್ತು ಹಾಡು ಟೈಪು ಮಾಡಿದ್ದಳು. ಪುಸ್ತಕ ಮಾಡುವ ಆಸೆ. ಹಾಡು ಕೇಳಲು ಪ್ರತಿ ಸಲವೂ ನಾನು ಜೊತೆಗೆ ಹೋಗಿ, ಎದುರಿಗೇ ಕೂತು ತಲೆದೂಗಿದ್ದೆ. ಟೈಪಾದ ಮೇಲೆ ಹಾಳೆಗಳೇಕೆಂದು ನೀರೊಲೆಗೆ ಹಾಕಿ ಮನೆ ಚೊಕ್ಕಟ ಮಾಡಿದವನೂ ನಾನೇ.

ಒಂದು ಭಾನುವಾರ ಬೆಳಗ್ಗೆ ಅವಳು ಸಂತೆಗೆ ಹೋದಾಗ ಕಾಗುಣಿತ ತಿದ್ದಲು ಕೂತೆ. ತಿದ್ದಿ, ಅದೇ ಹೆಸರಿಗೆ ಸೇವ್ ಕೊಟ್ಟೆ. ಫ್ಲಾಪಿಯ ದೀಪ ಮಿನುಗುತ್ತಲೇ ಇತ್ತು. ಎಷ್ಟು ಹೊತ್ತು ಕಾಯುವುದು? ಹೊರಗೆಳೆದೆ. ಮತ್ತೆ ಹಾಕಿ ತೆರೆದರೆ ಎರಡು ಸಾಲು ಹಾಡು, ಆಮೇಲೆ ಬರೀ ಚೌಕ, ಪ್ರಶ್ನೆಚಿಹ್ನೆ. ಹೊಸದು ಪೂರ್ತಿ ಬರೆದಿರಲಿಲ್ಲ, ಅರವತ್ತೂ ಹಾಡಿದ್ದ ಹಳೆಯದು ಅಳಿಸಿಹೋಗಿತ್ತು.

ಸಂತೆಯಿಂದ ಬಂದ ಗಿರಿಜ ಬೈಯಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ. ಪರದೆಯನ್ನೇ ನೋಡುತ್ತ, "ಅತ್ತೆಗೆ ಎಂಬತ್ತು ದಾಟೈತ್ರಿ," ಎಂದಳು. ಮಧ್ಯಾಹ್ನದ ಬಸ್ಸಿಗೇ ಇಬ್ಬರೂ ತಾಳ್ಯಕ್ಕೆ ಹೊರಟೆವು.

ತಪ್ಪೊಪ್ಪಿಕೊಂಡೆ. ಗಂಗಮ್ಮ ನಕ್ಕರು. "ಹೋದ್ರೆ ಹೋಗ್ಲಿ ಬಿಡಪ್ಪ, ನನ್ ಬಾಯಾಗೆ ಐತಲ್ಲ. ನೀನು ಮಾತ್ರ ಹೊರಗೆ ಜಗಲಿ ಮ್ಯಾಲೆ ಕುಂತ್ಕ." ಶಿಕ್ಷೆ ಎಂದುಕೊಂಡು ಕೂತೆ. ಒಳಗೆ ಹಾಡು, ನಡುನಡುವೆ ಅತ್ತೆ ಸೊಸೆಯರ ಕಿಸಕಿಸ ನಗು. ಎಂಟು ಭಾನುವಾರ ಹೀಗೇ ನಡೆದು, ಎಪ್ಪತ್ತೆಂಟು ಹಾಡು ಬಂದವು! ಹೆಚ್ಚಿಗೆ ಬಂದ ಹದಿನೆಂಟು ಮೊದಲು ಎಲ್ಲಿದ್ದವು ಎಂದು ಕೇಳಿದೆ.

"ಆವಾಗ ನೀನು ಎದ್ರಿಗೇ ಕುಂತಿದ್ಯಲ್ಲಪ್ಪ," ಎಂದರು ಗಂಗಮ್ಮ. "ಅಳಿಯನ ಮುಂದೆ ಅಳಿಯನ್ನ ಬಯ್ಯೋ ಪದ ಹೆಂಗೆ ಹಾಡ್ಲಿ?"

ಅಲ್ಲಿಂದ ನಮ್ಮ ಮನೆಯಲ್ಲಿ ಗಿರಿಜಳ ಕಾನೂನು. ಹಳೆಯ ಫೈಲನ್ನು ಮುಟ್ಟಕೂಡದು, ಹೊಸ ಹೆಸರಿಗೇ ಸೇವ್ ಮಾಡಬೇಕು, ದೀಪ ಆರಿದ ಮೇಲೆ ತೆರೆದು ಓದಬೇಕು, ಇನ್ನೊಂದು ಫ್ಲಾಪಿಗೆ ನಕಲು ತೆಗೆಯಬೇಕು. ಹಳೆಯದನ್ನು ಅಳಿಸುವ ಅಧಿಕಾರ ಅವಳೊಬ್ಬಳದೇ. ಟೈಪು ಮಾಡುವ ಕೆಲಸ ನನ್ನದಾಯಿತು. ಹದಿನೆಂಟು ಬೈಗುಳದ ಹಾಡನ್ನೂ ಅಕ್ಷರ ಬಿಡದೆ ಟೈಪಿಸಿದೆ.

ಪುಸ್ತಕ ಬಂತು. ಮರುವರ್ಷ ಹಿರೇಗುಂಟನೂರಿನ ಮದುವೆಯೊಂದರಲ್ಲಿ ಹೆಣ್ಣುಮಕ್ಕಳು ಅದನ್ನು ಹಿಡಿದು, ನನ್ನ ಕಡೆಗೇ ನೋಡುತ್ತ, ಮುಟ್ಟಿದ್ದೆಲ್ಲ ಮುರಿಯುವ ಅಳಿಯನ ಹಾಡು ತೆಗೆದರು. ಗಂಗಮ್ಮ ಪಕ್ಕದಲ್ಲೇ ಕೂತು ತೊಡೆ ತಟ್ಟಿ ತಾಳ ಹಾಕುತ್ತಿದ್ದರು. ಹುಡುಗಿಯರು ನಗುವಿನ ಭರದಲ್ಲಿ ಒಂದು ಸಾಲು ಹಾರಿಸಿಬಿಟ್ಟರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ತಡೀರಮ್ಮ, ನನ್ನನ್ನ ಕತ್ತೆ ಅನ್ನೋ ಸಾಲು ಬಿಟ್ಟುಹೋಯ್ತು," ಎಂದೆ.