ಉಪವಾಸವಿದ್ದ ಬೆಂಚು

ನಿಮ್ಮ ಮನೆಯ ಯಜಮಾನರು ಯಾರು ಎಂದು ಯಾರಾದರೂ ಕೇಳಿದರೆ ನಾನೇ ಎಂದು ಹೇಳುವ ಅಭ್ಯಾಸ ನನಗಿದೆ. ಮುನಿಸಿಪಾಲಿಟಿಗೆ ಕಂದಾಯ ಕಟ್ಟುವವನು ನಾನು, ಮಳೆ ಬಂದಾಗ ಹೆಂಚು ಸರಿಸಲು ಏಣಿ ಹತ್ತುವವನು ನಾನು, ಆದ್ದರಿಂದ ಈ ಮಾತನ್ನು ಇದುವರೆಗೆ ಯಾರೂ ಅಲ್ಲಗಳೆದಿಲ್ಲ. ಆದರೆ ತಲೆ ಎಣಿಸಿ ತೀರ್ಮಾನಿಸುವುದಾದರೆ, ಮುಳಬಾಗಿಲಿನ ನಮ್ಮ ಮನೆಯಲ್ಲಿ ನಾನು, ನನ್ನ ತಾಯಿ, ಹೆಂಡತಿ, ತಂಗಿ ರುಕ್ಮಿಣಿ ಎಲ್ಲರೂ ಸೇರಿದರೂ ಲೆಕ್ಕಕ್ಕೇ ಬರುವುದಿಲ್ಲ. ಅಟ್ಟ ಇಲಿಗಳದು, ಅಡುಗೆಮನೆ ಜಿರಲೆಗಳದು, ತೊಲೆಗಳು ಗೆದ್ದಲಿನವು, ಮಂಚ ತಿಗಣೆಗಳದು. ಉಳಿದ ಜಾಗದಲ್ಲಿ ನಾವು ಯಾರಿಗೂ ತೊಂದರೆ ಕೊಡದೆ ಸಂಸಾರ ಮಾಡಿಕೊಂಡಿದ್ದೆವು.

ನಾನು ಮಿಡ್ಲ್ ಸ್ಕೂಲಿನಲ್ಲಿ ಪ್ರಕೃತಿಪಾಠ ಹೇಳುವ ಮೇಷ್ಟ್ರು. ಇಂಥ ಮನೆಯಲ್ಲಿ ಇಂಥ ಮೇಷ್ಟ್ರು ಹುಟ್ಟಿದ್ದು ದೈವಸಂಕಲ್ಪ ಎಂದೇ ನನ್ನ ನಂಬಿಕೆ. ಪಾಠಕ್ಕೆ ಬೇಕಾದ ಪ್ರಾಣಿಗಳನ್ನು ಹುಡುಕಿಕೊಂಡು ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಓದಿ ತಿಳಿದದ್ದನ್ನು ತಿಳಿದ ದಿನವೇ ಇನ್ನೊಬ್ಬರ ತಲೆಗೆ ತುಂಬದಿದ್ದರೆ ನನಗೆ ಅನ್ನ ಇಳಿಯದು. ಜಿರಲೆಯ ತಲೆ ಹೋದರೂ ಅದು ಎಷ್ಟೋ ದಿನ ಬದುಕಿರುತ್ತದೆ, ಏಕೆಂದರೆ ಅದು ಉಸಿರಾಡುವುದು ಮೈಯ ಪಕ್ಕದ ತೂತುಗಳಿಂದ ಎಂದು ಊಟದ ಹೊತ್ತಿನಲ್ಲಿ ಹೇಳಿದೆ. ತಲೆಯಿಲ್ಲದೆ ಬದುಕುವುದರಲ್ಲಿ ಅಂಥ ಆಶ್ಚರ್ಯವೇನು, ನಾನು ದಿನಾ ನೋಡುತ್ತಿಲ್ಲವೇ ಎಂದು ನನ್ನಾಕೆ ಸಾರು ಬಡಿಸಿದಳು. ಇಲಿಯ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಪಾಪ, ಸವೆಸಿಕೊಳ್ಳುವುದಕ್ಕಾದರೂ ಅದು ಏನನ್ನಾದರೂ ಕಡಿಯಲೇಬೇಕು ಎಂದೆ. ಅದಕ್ಕೆ ಅವಳ ಧಾರೆಸೀರೆಯೇ ಬೇಕಾಗಿತ್ತೇ ಎಂಬ ಪ್ರಶ್ನೆ ಬಂತು. ನೊಣ ಕಾಲಿನಿಂದ ರುಚಿ ನೋಡುತ್ತದೆ ಎಂಬ ಅದ್ಭುತವನ್ನು ಅಮ್ಮನಿಗೆ ವಿವರಿಸುತ್ತಿದ್ದಾಗ ಅವರು, "ಅದು ಕಾಲಲ್ಲಾದ್ರೂ ನೋಡ್ಲಿ, ಕೈಯಲ್ಲಾದ್ರೂ ನೋಡ್ಲಿ, ಮೊದ್ಲು ಹಾಲಿನ ಮೇಲಿಂದ ಎಬ್ಬಿಸೋ" ಎಂದರು. ವಿಜ್ಞಾನಕ್ಕೆ ನಮ್ಮ ದೇಶದಲ್ಲಿ ಸಿಕ್ಕುವ ಪ್ರೋತ್ಸಾಹ ಇಷ್ಟೇ.

ಇಂಥ ಮನೆಗೆ ರುಕ್ಮಿಣಿಯನ್ನು ನೋಡಲು ಗಂಡಿನವರು ಬರುತ್ತಿದ್ದ ಕಾಲ ಅದು. ನಮ್ಮ ತಂದೆ ಹೋದ ಮೇಲೆ ಅವಳ ಮದುವೆ ನನ್ನ ಹೆಗಲಿನ ಮೇಲೆ ಕೂತಿತ್ತು. ಅಮ್ಮ ದಿನವೂ ಊಟಕ್ಕೆ ಕುಳಿತಾಗ ಅದನ್ನು ಒಂದು ಸಲ ನೆನಪಿಸಿ ಆಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಮೊದಲು ಶ್ರೀನಿವಾಸಪುರದವರು ಬಂದರು. ಜಡೆ ಸ್ವಂತದ್ದೋ ಚೌರಿಯದೋ ಎಂದು ಅನುಮಾನಪಟ್ಟು ಬಿಚ್ಚಿಸಿ ನೋಡಿದರು. ಸ್ವಂತದ್ದೇ ಎಂದು ಖಚಿತವಾದ ಮೇಲೆ ಹುಡುಗಿ ಕುಳ್ಳಿ ಎಂದು ಹೇಳಿಕಳಿಸಿದರು. ಆಮೇಲೆ ಕೋಲಾರದವರು ಬಂದು, ಕಾಲು ಸರಿಯಿದೆಯೋ ಇಲ್ಲವೋ ಎಂದು ಪಡಸಾಲೆಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಸಿದರು, ಸೂಜಿಗೆ ದಾರ ಪೋಣಿಸಲು ಹೇಳಿದರು, ಹಾಡಿಸಿದರು, ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡರು. ಅವರಿಂದ ಹೇಳಿಕಳಿಸುವ ಮರ್ಯಾದೆಯೂ ಬರಲಿಲ್ಲ. ಅವರು ಹೋದ ದಿನ ರುಕ್ಮಿಣಿ ಹಿತ್ತಿಲಲ್ಲಿ ಕುಳಿತು ಅತ್ತಳು. ನಾನು ಸಮಾಧಾನ ಮಾಡಲು ಹೋಗಿ, ಏನು ಹೇಳಬೇಕೋ ತಿಳಿಯದೆ, ಇರುವೆಯ ಸಾಲಿನ ಬಗ್ಗೆ ಏನೋ ಹೇಳಿ ಬಂದೆ. ಇನ್ನೊಂದು ಸಂಬಂಧ ತಪ್ಪಿದರೆ ಈ ಹುಡುಗಿಯಲ್ಲೇ ಏನೋ ಐಬಿದೆ ಎಂದು ಊರು ತೀರ್ಮಾನ ಮಾಡಿಬಿಡುತ್ತದೆ ಎಂಬ ಭಯ ನಮಗೆಲ್ಲ ಇತ್ತು.

ಅಷ್ಟರಲ್ಲಿ ಮಾಲೂರಿನ ಸಂಬಂಧ ಬಂತು. ಹುಡುಗ ಶ್ರೀಕಂಠ, ಅಲ್ಲಿನ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ತಂದೆ ನಂಜುಂಡಯ್ಯನವರು ಕೋಟು ಪೇಟದ ಮನುಷ್ಯ. ಸಂಬಂಧ ತಂದ ಪುರೋಹಿತರು ಹೋಗುವಾಗ ಬಾಗಿಲಲ್ಲಿ ನಿಂತು, ಅವರ ಮನೆಯಲ್ಲಿ ಎಲ್ಲರೂ ಕುರ್ಚಿಯ ಮೇಲೆ ಕೂರುವವರು, ಚಾಪೆ ಹಾಸೀರಿ, ಜೋಕೆ ಎಂದು ಎಚ್ಚರಿಸಿ ಹೋದರು. ನಮ್ಮ ಮನೆಯಲ್ಲೂ ಒಂದು ಬೆಂಚು ಇತ್ತು. ಆದರೆ ಅದರ ಮೇಲೆ ನೆಂಟರನ್ನು ಕೂರಿಸುವುದೂ ಒಂದೇ, ಬಲಿ ಕೊಡುವುದೂ ಒಂದೇ. ಅದರ ಸಂದುಗಳಲ್ಲಿದ್ದ ತಿಗಣೆಗಳು ನನ್ನ ತಾತನ ಕಾಲದಿಂದ ನಮ್ಮ ವಂಶದ ರಕ್ತ ಹಂಚಿಕೊಂಡು ಬಂದಿದ್ದವು. ಆ ಲೆಕ್ಕದಲ್ಲಿ ಅವು ನಮ್ಮ ದಾಯಾದಿಗಳೇ. ಸೀಮೆಎಣ್ಣೆ ಬಿಟ್ಟು ತೊಳೆಯೋಣವೆಂದರೆ ಯುದ್ಧದ ಕಾಲ, ದೀಪಕ್ಕೇ ಎಣ್ಣೆಯಿಲ್ಲ. ಸಂದಿಗೆ ಕುದಿಯುವ ನೀರು ಹುಯ್ದು ಎರಡು ದಿನ ಬಿಸಿಲಿಗೆ ಹಾಕೋಣ ಎಂದಳು ನನ್ನಾಕೆ. ಹೆಂಗಸರ ಉಪಾಯಗಳು ಯಾವಾಗಲೂ ನೀರು ಕಾಯಿಸುವಲ್ಲಿಗೆ ಬಂದು ನಿಲ್ಲುತ್ತವೆ ಎಂದು ನಾನು ನಕ್ಕೆ. ನನ್ನ ಹತ್ತಿರ ವೈಜ್ಞಾನಿಕವಾದ ಉಪಾಯವಿತ್ತು.

ನಮ್ಮ ಶಾಲೆಯ ಹಿಂದಿನ ಕೊಠಡಿಯೊಂದರ ಗೋಡೆ ಬಿರುಕು ಬಿಟ್ಟಿದ್ದರಿಂದ ದಸರಾ ಕಳೆದಾಗಿನಿಂದ ಅದಕ್ಕೆ ಬೀಗ ಹಾಕಿದ್ದರು. ಅದರೊಳಗೆ ತೇಗದ ಒರಗುಬೆಂಚು ಒಂದು ಇತ್ತು. ಅದರ ಮೇಲೆ ತಿಂಗಳುಗಟ್ಟಲೆ ನರಪ್ರಾಣಿ ಕೂತಿರಲಿಲ್ಲ. ತಿಗಣೆಗೆ ರಕ್ತ ಬಿಟ್ಟು ಬೇರೆ ಆಹಾರವಿಲ್ಲ. ಆಹಾರವಿಲ್ಲದೆ ಯಾವ ಜೀವಿಯೂ ಬದುಕದು. ಆದ್ದರಿಂದ ಆ ಬೆಂಚಿನಲ್ಲಿ ತಿಗಣೆ ಇರುವುದು ಸಾಧ್ಯವಿಲ್ಲ. ಇಷ್ಟು ಚೊಕ್ಕವಾದ ತರ್ಕವನ್ನು ನಾನು ಆಮೇಲೆ ಮಾಡಿಲ್ಲ. ಹೆಡ್‌ಮಾಸ್ತರರ ಅಪ್ಪಣೆ ಪಡೆದು, ಆಳುಗಳ ತಲೆಯ ಮೇಲೆ ಹೊರಿಸಿ, ಮೆರವಣಿಗೆಯಂತೆ ಬೀದಿಯಲ್ಲಿ ತರಿಸಿದೆ. ಒದ್ದೆಬಟ್ಟೆಯಲ್ಲಿ ಒರೆಸಿದಾಗ ಫಳಫಳ ಹೊಳೆಯಿತು. ನನ್ನಾಕೆ ಮಾತ್ರ ಹತ್ತಿರ ಬಂದು ಮೂಸಿ ನೋಡಿ, "ನಮ್ಮ ಬೆಂಚೇ ಆಗಿದ್ರೆ ತಿಗಣೆಗಳಾದ್ರೂ ಗುರುತಿರೋವು. ಇದ್ಯಾವ್ದೋ ಏನೋ" ಎಂದು ಒಳಗೆ ಹೋದಳು.

ತಿಗಣೆ ಆಹಾರವಿಲ್ಲದೆ ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷದವರೆಗೂ, ಸುಮ್ಮನೆ ಬಿದ್ದುಕೊಂಡು ಜೀವ ಹಿಡಿದಿರಬಲ್ಲದು ಎಂಬುದು ನಾನು ಆಮೇಲೆ ಓದಿದ ಸಂಗತಿ. ಅನುಭವ ಮೊದಲು ಬಂತು, ಪುಸ್ತಕ ಆಮೇಲೆ ಬಂತು. ಹತ್ತಿರ ಬಂದ ಮೈಯ ಶಾಖದಿಂದ, ಬಿಟ್ಟ ಉಸಿರಿನಿಂದ ಅದಕ್ಕೆ ಊಟ ಬಂದದ್ದು ಗೊತ್ತಾಗುತ್ತದಂತೆ. ಕತ್ತಲೆಯಾಗಲಿ ಎಂದು ಕಾಯುವುದು ಹೊಟ್ಟೆ ತುಂಬಿದ ತಿಗಣೆಯ ಶಿಷ್ಟಾಚಾರ. ಹಸಿದದ್ದು ಹಗಲೂ ನೋಡುವುದಿಲ್ಲ, ಕೋಟೂ ನೋಡುವುದಿಲ್ಲ.

ಗಂಡಿನವರು ಬಂದರು. ನಂಜುಂಡಯ್ಯನವರು ಬೆಂಚಿನ ನಡುವೆ, ಒಂದು ಪಕ್ಕಕ್ಕೆ ಶ್ರೀಕಂಠ, ಇನ್ನೊಂದು ಪಕ್ಕಕ್ಕೆ ರಾಯಲ್ಪಾಡಿನಿಂದ ಬಂದಿದ್ದ ಹುಡುಗನ ಸೋದರಮಾವ. ಎದುರಿಗೆ ಜಮಖಾನ. ನಾನು ಯಜಮಾನನಾದ್ದರಿಂದ ವಿನಯದಿಂದ ನಿಂತೇ ಇದ್ದೆ, ಅದರಿಂದ ಬದುಕಿಕೊಂಡೆ. ಮೊದಮೊದಲು ಏನೂ ಆಗಲಿಲ್ಲ. ಆಗುವುದೂ ಇಲ್ಲ, ಏಕೆಂದರೆ ತಿಗಣೆ ಕಚ್ಚುವಾಗ ನೋವು ತಿಳಿಯದಂತೆ ಎಂಜಲಿನಲ್ಲಿ ಮದ್ದು ಬೆರೆಸಿ ಕಚ್ಚುತ್ತದೆ, ತುರಿಕೆ ಶುರುವಾಗುವುದು ಆಮೇಲೆ. ಇಷ್ಟು ಸೌಜನ್ಯ ನಮ್ಮ ನೆಂಟರಲ್ಲಿ ಅನೇಕರಿಗಿಲ್ಲ. ಹುಡುಗನ ಮನೆಯವರು ಕಲಿತವರಲ್ಲವೇ, ಅವರ ಮಟ್ಟಕ್ಕೆ ಮಾತಾಡಬೇಕೆಂದು ನಾನು ತಲೆಯಿಲ್ಲದ ಜಿರಲೆಯಿಂದ ಪ್ರಾರಂಭಿಸಿದೆ.

ಇಲಿಯ ಹಲ್ಲಿಗೆ ಬರುವ ಹೊತ್ತಿಗೆ ನಂಜುಂಡಯ್ಯನವರು ಕೋಟನ್ನು ಸರಿಮಾಡಿಕೊಂಡರು. ಮತ್ತೆ ಸರಿಮಾಡಿಕೊಂಡರು. ಹೆಣ್ಣು ನೋಡಲು ಬಂದ ಮನೆಯಲ್ಲಿ ಕೆರೆದುಕೊಳ್ಳುವುದು ಉಂಟೇ? ಕೆರೆದುಕೊಂಡರೆ ಆ ಮನೆಯನ್ನು ಅವಮಾನ ಮಾಡಿದಂತೆ. ಅವರು ಒದ್ದಾಡುವುದನ್ನು ನಾನು ಗಮನಿಸಿದರೆ ನಮ್ಮ ಮನೆಯನ್ನು ನಾನೇ ಅವಮಾನ ಮಾಡಿಕೊಂಡಂತೆ. ಹೀಗೆ ಎರಡು ಮರ್ಯಾದಸ್ಥ ಕುಟುಂಬಗಳು ಒಂದಕ್ಕೊಂದು ಎದುರಾಗಿ, ಏನೂ ಆಗುತ್ತಿಲ್ಲವೆಂದು ಒಪ್ಪಿಕೊಂಡು ಕುಳಿತಿದ್ದವು. ಸೋದರಮಾವ ಮಾತ್ರ ಬೆಂಚಿನ ಒರಗಿಗೆ ಬೆನ್ನು ಉಜ್ಜುತ್ತ ನಮ್ಮೂರಿನ ಮಠದ ಬಗ್ಗೆ ವಿಚಾರಿಸುತ್ತಿದ್ದರು. ಬೆನ್ನು ಉಜ್ಜಿದ್ದರಿಂದ ಆ ಒರಗಿನಲ್ಲಿದ್ದವರಿಗೂ ಊಟದ ಎಲೆ ಹಾಕಿದಂತಾಯಿತು. ಸೆಖೆಯೇನೋ, ಬೀಸಣಿಗೆ ಕೊಡಲೇ ಎಂದು ನಾನು ಕೇಳಿದೆ. "ಪರ್ವಾಲೇದು, ಪರ್ವಾಲೇದು" ಎಂದು ಅವರು ತೆಲುಗಿನಲ್ಲೇ ಸಹಿಸಿಕೊಂಡರು. ಈ ಸಂಬಂಧ ಕೈ ಬಿಟ್ಟುಹೋಗುತ್ತಿದೆ ಎಂದು ನನಗೆ ಆಗಲೇ ಅನ್ನಿಸತೊಡಗಿತ್ತು. ಅದಕ್ಕಾಗಿ ಇನ್ನೂ ಗಟ್ಟಿಯಾಗಿ ಮಾತಾಡಿದೆ.

ಅಷ್ಟರಲ್ಲಿ ರುಕ್ಮಿಣಿ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಬಂದು, ಅವನ್ನು ಕೊಟ್ಟು, ನಮಸ್ಕಾರ ಮಾಡಿ, ನಾನು ಮೊದಲೇ ಹೇಳಿಕೊಟ್ಟಂತೆ ಜಮಖಾನದ ಮೇಲೆ ಬೆಂಚಿಗೆ ಹತ್ತಿರವಾಗಿ ಕೂರಲು ಬಗ್ಗಿದಳು. ಹಾಡು ಚೆನ್ನಾಗಿ ಕೇಳಿಸಲಿ ಎಂದು ಹತ್ತಿರ ಕೂರಲು ಹೇಳಿದ್ದೆ. ಅದುವರೆಗೆ ಬಾಯಿ ಬಿಡದಿದ್ದ ಶ್ರೀಕಂಠ ಇದ್ದಕ್ಕಿದ್ದಂತೆ ಮಾತಾಡಿದ, ಅದೂ ನೇರವಾಗಿ ಅವಳೊಂದಿಗೆ.

"ಅಲ್ಲಿ ಕೂತ್ಕೋಬೇಡಿ. ಬೆಂಚಿನ ಕಾಲಿಂದ ತಿಗಣೆ ಇಳೀತಾ ಇದೆ. ಆ ಕಂಬದ ಹತ್ರ ಕೂತ್ಕೊಳ್ಳಿ."

ನಂಜುಂಡಯ್ಯನವರು ಮಗನನ್ನು ಸುಡುವಂತೆ ನೋಡಿದರು. ನಾನು, ಊರೊಳಗೆ ಆನೆ ನುಗ್ಗಿದ ಸುದ್ದಿ ಕೇಳಿದವನ ಹಾಗೆ, ತಿಗಣೆಯೇ, ನಮ್ಮ ಮನೆಯಲ್ಲೇ ಎಂದು ಆಶ್ಚರ್ಯಪಟ್ಟೆ. ಆ ಕ್ಷಣದಲ್ಲಿ ಬೀಗರಾಗಬೇಕಾದವರ ಬಿಳಿಯ ಉತ್ತರೀಯದ ಮೇಲೆ ಒಂದು ತಿಗಣೆ ನಿಧಾನವಾಗಿ ಭುಜದ ಕಡೆಗೆ ಹೊರಟಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು, ಯಾರೂ ನೋಡುತ್ತಿರಲಿಲ್ಲ. ರುಕ್ಮಿಣಿ ತಲೆಯೆತ್ತಿ ಹುಡುಗನನ್ನು ನೋಡಿದಳು. ಹೆಣ್ಣು ನೋಡುವ ದಿನ ಹೆಣ್ಣು ಗಂಡನ್ನು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಮತ್ತೆ ನೀವ್ಯಾಕೆ ಕೂತಿದೀರಿ? ಎದ್ದುಬಿಡಿ" ಎಂದಳು.

ಯಾರಾದರೂ ಈ ಮಾತು ಹೇಳಲಿ ಎಂದೇ ಕಾಯುತ್ತಿದ್ದವರ ಹಾಗೆ ಮೂವರೂ ಒಟ್ಟಿಗೆ ಎದ್ದರು. ಆಮೇಲೆ ಹಾಡಿಲ್ಲ, ಸೂಜಿಯಿಲ್ಲ, ನಡಿಗೆಯಿಲ್ಲ. ಕಾಫಿಯನ್ನು ನಿಂತುಕೊಂಡೇ ಕುಡಿದು, ಬಸ್ಸಿನ ಹೊತ್ತಾಯಿತೆಂದು ಹೊರಟರು. ಬೀದಿಯ ತಿರುವಿನವರೆಗೆ ತಡೆದುಕೊಂಡ ಸೋದರಮಾವ ಅಲ್ಲಿ ಹುಣಸೆಮರಕ್ಕೆ ಬೆನ್ನು ಕೊಟ್ಟು ನಿಂತದ್ದು ನಮ್ಮ ಜಗುಲಿಗೆ ಚೆನ್ನಾಗಿ ಕಾಣಿಸುತ್ತಿತ್ತು.

ನಾನು ಒಳಗೆ ಬಂದು ಸಿಡಿದುಬಿದ್ದೆ. ಬೆಂಚಿನ ಮೇಲಲ್ಲ, ಹುಡುಗನ ಮೇಲೆ. ಇನ್ನೊಬ್ಬರ ಮನೆಯಲ್ಲಿ ಕುಳಿತು ಅವರ ತಿಗಣೆಯ ಹೆಸರೆತ್ತುವುದೆಂದರೇನು, ಹಿರಿಯರ ಮುಂದೆ ಹೆಣ್ಣನ್ನು ಮಾತಾಡಿಸುವುದೆಂದರೇನು, ಅವರಾಗಿ ಬಂದು ಕಾಲು ಹಿಡಿದರೂ ಇಂಥ ಸಂಸ್ಕಾರವಿಲ್ಲದವನಿಗೆ ಹೆಣ್ಣು ಕೊಡುವವನಲ್ಲ ಎಂದು ಕೂಗಾಡಿದೆ. ಅವರಾಗಿ ಬರುವ ಭಯವಿಲ್ಲದಿದ್ದುದರಿಂದ ಧಾರಾಳವಾಗಿಯೇ ಕೂಗಾಡಿದೆ. ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ರುಕ್ಮಿಣಿ ತಟ್ಟೆಗಳನ್ನು ಜೋಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅಣ್ಣ, ಬಂದೋರೆಲ್ಲ ನಡಿ ಅಂದ್ರು, ಹಾಡು ಅಂದ್ರು, ಜಡೆ ಬಿಚ್ಚು ಅಂದ್ರು. ಇವ್ರೊಬ್ರು ಅಲ್ಲಿ ಕೂರ್ಬೇಡ, ಕಚ್ಚುತ್ತೆ ಅಂದ್ರು. ನೀನು ನಿಂತಿದ್ಯಲ್ಲ, ನಿನಗೂ ಕಾಣ್ತಿತ್ತು. ನೀನು ಹೇಳ್ಲಿಲ್ಲ."

ನನಗೆ ತುಂಬ ನಾಚಿಕೆಯಾಯಿತು. ಅವಳು ತಟ್ಟೆಗಳನ್ನೆತ್ತಿಕೊಂಡು, ಆಗುವುದಾದರೆ ಇವರೇ ಆಗಲಿ, ಇಲ್ಲದಿದ್ದರೆ ಇನ್ನು ಯಾರನ್ನೂ ಕರೆಸಬೇಡ ಎಂದು ಹೇಳಿ ಒಳಗೆ ಹೋದಳು. ಹೀಗಾಗಿ, ಕಾಲು ಹಿಡಿದರೂ ಕೊಡುವವನಲ್ಲ ಎಂದಿದ್ದ ನಾನು, ಕಾಲು ಹಿಡಿಯಲು ಮುಂದಿನ ಭಾನುವಾರವೇ ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ ಮಾಲೂರಿಗೆ ಹೊರಟೆ. ದಾರಿಯುದ್ದಕ್ಕೂ ಕ್ಷಮಾಪಣೆಯ ಭಾಷಣವನ್ನು ಬಾಯಿಪಾಠ ಮಾಡಿದೆ. ಅದರಲ್ಲಿ ತಿಗಣೆ ಎಂಬ ಶಬ್ದ ಬಾರದಂತೆ ಬಹಳ ಜಾಣತನದಿಂದ ಹೆಣೆದಿದ್ದೆ.

ನಂಜುಂಡಯ್ಯನವರು ಬಾಗಿಲಲ್ಲೇ ನನ್ನನ್ನು ಕಂಡು, "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಧೈರ್ಯವಾಗಿ ಕೂತ್ಕೊಳ್ಳಿ, ನಮ್ಮನೆ ಕುರ್ಚಿ ಹಸಿದಿಲ್ಲ" ಎಂದರು. ಭಾಷಣ ಅಲ್ಲಿಗೇ ಮರೆತುಹೋಯಿತು. ತಪ್ಪಾಯಿತು, ಬೆಂಚು ನಮ್ಮದಲ್ಲ, ತಲೆ ಮಾತ್ರ ನನ್ನದು ಎಂದೆ. ಅವರು ನಕ್ಕರು. ಆಮೇಲೆ ಹೇಳಿದರು: ನಾನಂತೂ ಅವತ್ತು ನಿಮ್ಮ ಹುಡುಗಿಯ ಮುಖವನ್ನೇ ಸರಿಯಾಗಿ ನೋಡಲಿಲ್ಲ, ನೋಡುವ ಸ್ಥಿತಿಯಲ್ಲಿರಲಿಲ್ಲ. ಎದ್ದುಬಿಡಿ ಅಂದಳಲ್ಲ, ಆ ದನಿ ಕೇಳಿದೆ, ಅಷ್ಟೇ. ಶ್ರೀಕಂಠನಂತೂ ಮನೆಗೆ ಬಂದಾಗಿನಿಂದ, ಮದುವೆ ಅಂತ ಆದರೆ ಅದೇ ಹುಡುಗಿ ಅಂತ ಕೂತಿದ್ದಾನೆ. ಮದುವೆ ಮಾಡಿಕೊಡಿ, ನಮ್ಮದೇನೂ ಷರತ್ತಿಲ್ಲ. ಚಪ್ಪರದಲ್ಲಿ ನಮ್ಮ ಕಡೆಯವರಿಗೆಲ್ಲ ಚಾಪೆ ಹಾಸಿಸಿ, ಹೊಸ ಚಾಪೆ.

ಮದುವೆ ಚೆನ್ನಾಗಿ ನಡೆಯಿತು. ಸೋದರಮಾವ ಮಾತ್ರ ಮುಹೂರ್ತ ಮುಗಿಯುವವರೆಗೂ ನಿಂತೇ ಇದ್ದರು. ಈಗ ರುಕ್ಮಿಣಿ ಗಂಡನೊಂದಿಗೆ ಆಗಾಗ ಮುಳಬಾಗಿಲಿಗೆ ಬರುತ್ತಾಳೆ. ನಮ್ಮ ತಾತನ ಕಾಲದ ಬೆಂಚಿನ ಮೇಲೆ ಕೂರಿ ಎಂದು ನಾನು ಎಷ್ಟು ಉಪಚಾರ ಮಾಡಿದರೂ ಭಾವಮೈದುನ ಮುಗುಳ್ನಕ್ಕು ಕಂಬಕ್ಕೆ ಒರಗಿ ಬರಿನೆಲದ ಮೇಲೆ ಕೂರುತ್ತಾನೆ. ನಮ್ಮ ರುಕ್ಮಿಣಿಯ ಗಂಡ ಎಷ್ಟು ಸರಳ ಮನುಷ್ಯ ನೋಡಿ, ಬೆಂಚು ಕೊಟ್ಟರೂ ನೆಲದ ಮೇಲೇ ಕೂರುತ್ತಾನೆ ಎಂದು ನಾನು ಊರಿನಲ್ಲೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬರುತ್ತೇನೆ. ಕೇಳಿದವರೆಲ್ಲ ಮೆಚ್ಚಿ ತಲೆದೂಗುತ್ತಾರೆ. ಆಮೇಲೆ ಯಾವುದಾದರೂ ಕೆಲಸಕ್ಕೆ ನಮ್ಮ ಮನೆಗೆ ಬಂದಾಗ ಅವರೂ ಅಷ್ಟೇ ಸರಳವಾಗಿ ನೆಲದ ಮೇಲೆ ಕೂರುತ್ತಾರೆ.