ಬಾತಿನ ತೊಟ್ಟಿಗೆ ಬಂದ ಯೋಗ

“ನಾನು ಜಾರಿ ಬಿದ್ದದ್ದು ನಿಮ್ಮ ಕಣ್ಣಿಗೆ ಕಾಣಲ್ಲ, ಆ ಬಾತುಕೋಳಿಗಳು ಮಾತ್ರ ಕಾಣ್ತವೆ, ಅಲ್ವೇನ್ರೀ?”

“ನೀವು ಬಿದ್ದದ್ದು ಕಾಣಲಿಲ್ಲ ಅಮ್ಮ. ಕೇಳಿಸ್ತು. ಇಡೀ ಬೀದಿಗೇ ಕೇಳಿಸ್ತು.”

“ಇಡೀ ಬೀದಿಗಾ? ಅಂದ್ರೆ ನಾನು ಅಷ್ಟು ದಪ್ಪ ಅಂತಲಾ?”

ಟೈಲರ್ ಬಾಯಿ ಮುಚ್ಚಿಕೊಂಡ. ಓನರಮ್ಮ ಎಷ್ಟು ದಪ್ಪ ಎಂಬುದು ಇಂಚಿನ ಲೆಕ್ಕದಲ್ಲಿ ಗೊತ್ತಿದ್ದವನು ಈ ಭೂಮಿಯ ಮೇಲೆ ಅವನೊಬ್ಬನೇ. ಅವರ ಬಟ್ಟೆಗಳನ್ನೆಲ್ಲ ಹೊಲಿಯುತ್ತಿದ್ದವನು ಅವನೇ. ಸತ್ಯ ಹೇಳಿದರೆ ಮನೆಯೂ ಹೋಗುತ್ತದೆ, ಗಿರಾಕಿಯೂ ಹೋಗುತ್ತದೆ.

ಓನರಮ್ಮ ಮೇಲಿನ ಮನೆಯವರು. ಕೆಳಗಿನ ಮನೆ, ಅದರ ಮುಂದಿನ ಕೋಣೆಯಲ್ಲಿದ್ದ ಹೊಲಿಗೆ ಅಂಗಡಿ, ಅಂಗಳ, ಅಂಗಳದ ಚರಂಡಿ, ಎಲ್ಲ ಅವರದೇ. ಟೈಲರ್ ಬಾಡಿಗೆಗೆ ಇದ್ದವನು. ಅಂಗಳದ ಮೂಲೆಯ ಕಟ್ಟೆಯ ಮೇಲೆ ಅವನು ಒಂದು ಹಳೆಯ ಸ್ನಾನದ ತೊಟ್ಟಿ ತಂದಿಟ್ಟು ನೀರು ತುಂಬಿ, ಹತ್ತಲು ಒಂದು ಹಲಗೆ ಒರಗಿಸಿ ನಾಲ್ಕು ಬಾತುಕೋಳಿ ಸಾಕಿದ್ದ. ಬೆಳಗ್ಗೆ ಕನ್ನಡಿಯಂತೆ ಇರುತ್ತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಹಸಿರು ಗಂಜಿಯಾಗುತ್ತಿತ್ತು. ಅದನ್ನು ದಿನಾ ಚರಂಡಿಗೆ ಚೆಲ್ಲುತ್ತಿದ್ದ. ಈ ಬೆಳಗ್ಗೆ ಆ ಚರಂಡಿ ಕಟ್ಟಿಕೊಂಡು, ನೀರು ಅಂಗಳಕ್ಕೆ ಉಕ್ಕಿ, ಬಟ್ಟೆ ಒಣಹಾಕಲು ಇಳಿದು ಬಂದ ಓನರಮ್ಮ ಒಗೆದ ಬಟ್ಟೆಯ ಬುಟ್ಟಿಯ ಸಮೇತ ಅದರ ಮೇಲೆ ಕೂತಿದ್ದರು. ಕೂತರು ಎಂದು ಮರ್ಯಾದೆಗೆ ಹೇಳಿದ್ದು.

“ಕೇಳಿಸ್ಕೊಳ್ಳಿ,” ಓನರಮ್ಮ ಬೆರಳೆತ್ತಿದರು. “ಸಂಜೆ ಇಳಿದು ಬರ್ತೀನಿ. ಚರಂಡಿಯಲ್ಲಿ ಆ ನೀರಿನ ಒಂದು ಹನಿ ಕಂಡ್ರೂ ಬಾತುಗಳು ಆಚೆ. ಬಾತು ಆಚೆ ಹೋಗ್ದಿದ್ರೆ ನೀವು ಆಚೆ.”

“ಒಂದು ಹನಿಯೂ ಇರಲ್ಲ!” ಟೈಲರಿಗೂ ಸಿಟ್ಟು ನೆತ್ತಿಗೇರಿತು. “ಹನಿ ಕಂಡ್ರೆ ನನ್ನ ಹೆಸರು ಬದಲಾಯಿಸಿ ಕರೀರಿ!”

ಓನರಮ್ಮ ದಡದಡನೆ ಮೆಟ್ಟಿಲು ಹತ್ತಿ ಹೋದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೈಕಟ್ಟಿಕೊಂಡು ಕೇಳಿದಳು, “ಹೌದೂ, ಹೇಳಿಬಿಟ್ರಲ್ಲ. ಅಷ್ಟು ನೀರನ್ನ ಏನು ಮಾಡ್ತೀರಿ? ಕುಡೀತೀರಾ?”

“ಏನಾದ್ರೂ ಮಾಡ್ತೀನಿ ಕಣೇ.”

“ಆ ನಾಲ್ಕು ಪುಕ್ಕಕ್ಕೋಸ್ಕರ ಇದ್ದ ಮನೆ ಕಳ್ಕೊಬೇಡಿ, ಅಷ್ಟೇ.”

ಅವಳಿಗೆ ಹೇಗೆ ತಿಳಿಯಬೇಕು? ಬೆಳಗಾದರೆ ಅವನ ಅಂಗಡಿಗೆ ಬರುವವರೆಲ್ಲ ಜಗಳಕ್ಕೇ ಬರುವವರು. ತೋಳು ಬಿಗಿ, ಕಂಕುಳು ಸಡಿಲ, ಕಾಲರು ಸೊಟ್ಟ. ಹೊಟ್ಟೆ ಬೆಳೆಸಿಕೊಂಡವರು ತಾವು, ತಪ್ಪು ಟೈಲರದು. ಅವನು ಹೋದರೆ ಸಂತೋಷದಿಂದ ಬಾಲ ಅಲ್ಲಾಡಿಸಿ ಎದುರು ಬರುತ್ತಿದ್ದವು ಈ ಜಗತ್ತಿನಲ್ಲಿ ಆ ನಾಲ್ಕೇ. ಅಳತೆಯ ತಂಟೆಯಿಲ್ಲದ ಜೀವಗಳು. ಅವುಗಳನ್ನು ಬಿಡುವ ಮಾತೇ ಇರಲಿಲ್ಲ.

ಮೊದಲು ಅವನಿಗೆ ಹೊಳೆದದ್ದು ಓನರಮ್ಮನ ತಾರಸಿಯ ಹೂಕುಂಡಗಳು. ಅವರ ಗಿಡಕ್ಕೇ ನೀರು ಹಾಕಿದರೆ ಅವರ ಸಿಟ್ಟೂ ಇಳಿಯಬಹುದು. ಊಟ ಮುಗಿಸಿ ಓನರಮ್ಮ ಗೊರಕೆ ಹೊಡೆಯಲು ಶುರುಮಾಡಿದ್ದೇ ತಡ, ಬಕೆಟ್ ಹಿಡಿದು ಕಳ್ಳ ಬೆಕ್ಕಿನಂತೆ ಮೆಟ್ಟಿಲು ಹತ್ತಿದ. ಒಂದು ಬಕೆಟ್, ಎರಡು ಬಕೆಟ್, ಆರು ಬಕೆಟ್. ಕುಂಡಗಳು ಕುಡಿದವು, ತೇಗಿದವು, ಆಮೇಲೆ ಕಕ್ಕಿದವು. ನೀರು ತಾರಸಿಯಲ್ಲಿ ಹರಿದು, ಮೂಲೆಯ ಕೊಳವೆಯಿಂದ ಬೀದಿಗೆ ಧುಮುಕಿತು.

ಬೀದಿಯಲ್ಲಿ ಕೊಳವೆಯ ಸರಿಯಾಗಿ ಕೆಳಗೆ ಇಸ್ತ್ರಿಯವನ ಗಾಡಿ ನಿಂತಿತ್ತು.

“ಅಯ್ಯಯ್ಯೋ! ಯಾರೋ ಅದು ಮೇಲೆ? ಬ್ಯಾಂಕಿನೋರ ಬಿಳೀ ಶರ್ಟು ಕಣ್ರೋ!”

ಟೈಲರ್ ಒಂದೇ ಉಸಿರಿಗೆ ಕೆಳಗೆ ಬಂದ. ಇಸ್ತ್ರಿಯವನು ಒಂದು ಶರ್ಟನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಎತ್ತಿ ಹಿಡಿದಿದ್ದ. ಜೇಬಿನಲ್ಲಿ ಪೆನ್ನು ಇರುವ ಜಾಗದಲ್ಲಿ ಒಂದು ಪುಕ್ಕ ನಿಂತಿತ್ತು.

“ಟೈಲರಣ್ಣ, ನಿಮ್ಮ ಬಾತು ಈಗ ಹಾರಾಡ್ಕೊಂಡು ಹೇಲುತ್ತಾ?”

“ಮೆಲ್ಲಗೆ ಮಾತಾಡೋ ಮಾರಾಯ, ಓನರಮ್ಮ ಮಲಗಿದ್ದಾರೆ. ಕೊಡಿಲ್ಲಿ, ನಾನೇ ಒಗೆದು ಕೊಡ್ತೀನಿ.”

ಈ ಗಲಾಟೆಗೆ ಎದುರು ಮನೆಯ ಮೇಷ್ಟ್ರು ಹೊರಗೆ ಬಂದರು. ಕೆಲಸದಿಂದ ನಿವೃತ್ತರಾಗಿದ್ದರೂ ಪಾಠದಿಂದ ನಿವೃತ್ತರಾಗಿರಲಿಲ್ಲ. ಯಾರ ಮನೆಯಲ್ಲಿ ನಲ್ಲಿ ಸೋರಿದರೂ ಅಲ್ಲಿ ನಿಂತು ವಿಜ್ಞಾನ ಹೇಳುತ್ತಿದ್ದರು. ನಲ್ಲಿ ಮಾತ್ರ ಸೋರುತ್ತಲೇ ಇರುತ್ತಿತ್ತು.

“ಚರಂಡಿಗೆ ಚೆಲ್ತಿದ್ರಾ ಇದನ್ನ? ರೀ, ಇದು ನೀರಲ್ಲ, ಗೊಬ್ಬರದ ಕಷಾಯ! ಆ ಕುಂಬಳದ ಬಳ್ಳಿ ನೋಡಿ.”

ಎಲ್ಲರೂ ನೋಡಿದರು. ತೊಟ್ಟಿಯ ಹಿಂದೆ, ನೀರು ಜಿನುಗುವ ಕಡೆ ತಾನಾಗಿ ಹುಟ್ಟಿದ ಬಳ್ಳಿಯೊಂದು ಗೋಡೆ ಹತ್ತಿ, ಮೇಲಿನ ಮನೆಯ ಕಿಟಕಿ ದಾಟಿ, ತಾರಸಿಯ ಅಂಚಿಗೆ ಕೈ ಹಾಕಿತ್ತು. ಕಾಯಿಗಳು ಗುಡಾಣದ ಗಾತ್ರ. ಓನರಮ್ಮ ಕಿಟಕಿಯಿಂದಲೇ ಕೊಯ್ದು, ನಾಲ್ಕು ಮನೆಗೆ ಹಂಚಿ, “ನನ್ನ ಕೈಗುಣ” ಎಂದು ಹೇಳಿಕೊಂಡು ತಿರುಗುತ್ತಿದ್ದರು.

“ಕೈಗುಣ ಅಂತಿದ್ರಲ್ಲ!” ಇಸ್ತ್ರಿಯವನು ಶರ್ಟಿನ ದುಃಖ ಮರೆತು ನಕ್ಕ. “ಬಾತಿನ ಗುಣವಾ? ಅಣ್ಣ, ನಮ್ಮನೆ ಸೋರೆ ಬಳ್ಳಿ ಹೂ ಬಿಡ್ತಾನೇ ಇಲ್ಲ. ಎರಡು ಬಕೆಟ್ ಕೊಡಿ, ಈ ಶರ್ಟಿನ ವಿಷಯ ನಾನು ಎತ್ತಲ್ಲ.”

ಟೈಲರನ ಮುಖ ಅರಳಿತು. ಬೇಡವಾದ ನೀರನ್ನು ಕೇಳಿ ಒಯ್ಯುವ ಜನ!

“ಬಕೆಟ್ ಯಾಕೆ? ನನ್ನ ಹತ್ರ ಪೈಪಿದೆ,” ಎಂದು ಮೇಷ್ಟ್ರು ಓಡಿ ಹೋಗಿ ಹಾವಿನಂಥ ಹಸಿರು ಪೈಪು ತಂದರು. ಒಂದು ತುದಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ಇನ್ನೊಂದನ್ನು ಗೇಟಿನ ತನಕ ಎಳೆದರು. “ತೊಟ್ಟಿ ಎತ್ತರದಲ್ಲಿದೆ, ಗೇಟು ತಗ್ಗಿನಲ್ಲಿದೆ. ಬಾಯಿಂದ ಒಂದು ಸಲ ಗಾಳಿ ಎಳೆದುಬಿಟ್ರೆ ನೀರು ತಾನಾಗೇ ಬರುತ್ತೆ. ಯಾರು ಎಳೀತೀರಿ?”

ಟೈಲರ್ ಇಸ್ತ್ರಿಯವನನ್ನು ನೋಡಿದ. ಇಸ್ತ್ರಿಯವನು ಆಕಾಶ ನೋಡಿದ.

“ಛೆ, ವಿಜ್ಞಾನದಲ್ಲಿ ಹೇಸಿಗೆ ಇರಬಾರದು! ನೀರು ತುಟಿಗೆ ಬರೋ ಮುಂಚೆ ತೆಗೆದುಬಿಡಬೇಕು. ಅಂದಾಜಿರಬೇಕು ಅಷ್ಟೇ.” ಮೇಷ್ಟ್ರು ಪೈಪು ಬಾಯಿಗಿಟ್ಟು ಎಳೆದರು. ಏನೂ ಬರಲಿಲ್ಲ. ಇನ್ನೂ ಜೋರಾಗಿ ಎಳೆದರು. ಕಣ್ಣು ಅಗಲವಾದವು, ಕೆನ್ನೆ ಬಲೂನಿನಂತೆ ಉಬ್ಬಿದವು. ಆಮೇಲೆ ಗುಟುಕ್ ಎಂಬ ಶಬ್ದ ಎಲ್ಲರಿಗೂ ಕೇಳಿಸಿತು.

“ಹೇಗಿದೆ ಮೇಷ್ಟ್ರೇ?” ಟೈಲರನ ಹೆಂಡತಿ ಬಾಗಿಲಿಂದ ಕೇಳಿದಳು.

ಮೇಷ್ಟ್ರು ಒಂದೇ ಒಂದು ಪುಕ್ಕವನ್ನು ನಾಲಿಗೆಯಿಂದ ತೆಗೆದು ಹೇಳಿದರು, “ನೀರು ಬಂತು.”

ಬಂದದ್ದು ನೀರು ಮಾತ್ರವಲ್ಲ. ಇಸ್ತ್ರಿಯವನು ಹೇಳಿದ ಸುದ್ದಿ ಬೀದಿಯ ಆ ತುದಿ ಮುಟ್ಟುವ ಹೊತ್ತಿಗೆ ಬಾಲ ಬೆಳೆಸಿಕೊಂಡಿತ್ತು. ಓನರಮ್ಮನ ಕುಂಬಳಕಾಯಿಯ ಗುಟ್ಟು ಬಯಲಾಗಿದೆಯಂತೆ, ಮೇಷ್ಟ್ರು ಕುಡಿದು ಪರೀಕ್ಷೆ ಮಾಡಿದ್ದಾರಂತೆ, ಬಕ್ಕ ತಲೆಗೆ ಹಚ್ಚಿದರೂ ಕೂದಲು ಬರುತ್ತದಂತೆ. ಕ್ಷಣದಲ್ಲಿ ಗೇಟಿನ ಮುಂದೆ ಕೊಡ, ಕೊಳಗ, ಡಬ್ಬಗಳ ಸಾಲು ಕಟ್ಟಿತು. ಗೇಟು ಮುಚ್ಚಿ ತೆಗೆಯುವುದೇ ಕಷ್ಟವಾಗಿ ಯಾರೋ ಅದಕ್ಕೆ ಕಲ್ಲು ಕೊಟ್ಟು ತೆರೆದೇ ನಿಲ್ಲಿಸಿದರು.

ಟೈಲರ್ ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡು ಪೈಪಿನ ಬಾಯಲ್ಲಿ ಮಂತ್ರಿಯಂತೆ ನಿಂತ. ಜೀವಮಾನದಲ್ಲಿ ಮೊದಲ ಸಲ ಜನ ಅವನೆದುರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

“ಅಣ್ಣ, ನನಗೊಂದು ಕೊಡ ಜಾಸ್ತಿ.”

“ಹೋದ ತಿಂಗಳು ಪ್ಯಾಂಟು ಬಿಗಿ ಅಂತ ಮುಖಕ್ಕೆ ಎಸೆದೋರು ನೀವೇ ಅಲ್ವಾ? ಸಾಲಲ್ಲಿ ಹಿಂದೆ ಹೋಗಿ.”

“ಪ್ಯಾಂಟು ಸರಿಯಾಗೇ ಇತ್ತು ಅಣ್ಣ. ನನ್ನ ಸೊಂಟದ್ದೇ ತಪ್ಪು.”

ಆ ಮಾತು ಕೇಳಿ ಟೈಲರನ ಎದೆ ನಾಲ್ಕು ಇಂಚು ಹಿಗ್ಗಿತು. ತೊಟ್ಟಿಯ ನೀರು ಅಷ್ಟೇ ಇಳಿಯಿತು. ಈಜುತ್ತಿದ್ದ ಬಾತುಗಳು ಮೊದಲು ನಿಂತವು, ಆಮೇಲೆ ಕೆಸರಿನಲ್ಲಿ ಕೂತವು, ಆಮೇಲೆ ಕತ್ತು ಉದ್ದ ಮಾಡಿ ಅವನ ಕಡೆ ನೋಡಿದವು.

“ರೀ, ಅವಕ್ಕೆ ಒಂದಿಷ್ಟು ನೀರು ಬಿಡ್ರೀ. ಪಾಪ, ಬಾಯಿ ಬಿಡ್ತಿವೆ,” ಎಂದಳು ಹೆಂಡತಿ.

“ಆಮೇಲೆ ಬಿಡ್ತೀನಿ. ತೊಟ್ಟಿ ತಳ ಕಾಣೋವರೆಗೂ ಎಳೀಬೇಕು. ಒಂದು ಹನಿಯೂ ಉಳೀಬಾರ್ದು.”

“ಅವು ನಿಮ್ಮನ್ನೇ ನೋಡ್ತಿವೆ.”

“ನೋಡ್ಲಿ ಬಿಡೇ, ಇಡೀ ಬೀದಿ ನನ್ನನ್ನೇ ನೋಡ್ತಿದೆ!”

ಸಂಜೆ ಓನರಮ್ಮ ಇಳಿದು ಬಂದರು. ಚರಂಡಿಗೆ ಬಗ್ಗಿ ನೋಡಿದರು. ಟೈಲರ್ ಬೆಳಗ್ಗೆಯೇ ಕಸ ತೆಗೆದು ಬಿಡಿಸಿದ್ದ ಚರಂಡಿ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಬೆರಳಿಂದ ಮುಟ್ಟಿ ನೋಡಿದರು. ಧೂಳು.

“ಹನಿ ಕಂಡಿತಾ ಅಮ್ಮ?” ಟೈಲರ್ ಎದೆ ಸೆಟೆದು ಕೇಳಿದ.

ಓನರಮ್ಮ ತಲೆ ಎತ್ತಿದರು. ಅವರ ಕಣ್ಣು ಗೇಟಿನ ಸಾಲಿನ ಮೇಲಿತ್ತು. ವಿಷಯವನ್ನೆಲ್ಲ ಅಲ್ಲಿದ್ದವರೇ ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಕುಂಬಳಕಾಯಿಯ ಮಾತು ಬಂದಾಗ ಓನರಮ್ಮನ ಮುಖ ಒಂದು ಗಳಿಗೆ ಕೆಂಪಾಯಿತು. ಆದರೆ ಬುದ್ಧಿ ಬಹಳ ಚುರುಕು.

“ನಿಲ್ಲಿಸಿ ಎಲ್ಲ!” ಎಂದು ಗುಡುಗಿದರು. “ಅಂಗಳ ನನ್ನದು. ಬಾತುಗಳು ನನ್ನ ಅಂಗಳದಲ್ಲಿ ಬೆಳೆದವು. ನಾಳೆಯಿಂದ ಮೊದಲ ಆರು ಬಕೆಟ್ ನನ್ನ ಕುಂಡಕ್ಕೆ. ಮಿಕ್ಕದ್ದು ಮಿಕ್ಕೋರಿಗೆ.”

“ಅದೆಂಗೆ? ಬೆಳಗ್ಗೆ ಓಡಿಸಿ ಅಂದೋರು ನೀವೇ!” ಇಸ್ತ್ರಿಯವನು ಕೂಗಿದ.

“ನಾಳೆ ಮೊದಲ ಸರದಿ ನನ್ನದು. ನಾನು ಕುಡಿದಿದ್ದೀನಿ!” ಎಂದರು ಮೇಷ್ಟ್ರು.

ಕೊಡಕ್ಕೆ ಕೊಡ ತಾಗಿತು, ಮಾತಿಗೆ ಮಾತು ತಾಗಿತು. ಟೈಲರ್ ನಡುವೆ ನಿಂತು ಎರಡೂ ಕೈ ಎತ್ತಿ, “ಜಗಳ ಆಡ್ಬೇಡಿ, ಎಲ್ಲರಿಗೂ ಕೊಡ್ತೀನಿ!” ಎಂದು ಸಮಾಧಾನ ಮಾಡಿದ. ಕೊನೆಗೆ ಓನರಮ್ಮ ದನಿ ಇಳಿಸಿ, “ನೋಡಿ, ಬೆಳಗ್ಗೆ ಸಿಟ್ಟಲ್ಲಿ ಏನೋ ಅಂದೆ. ನಾನಿರೋವರೆಗೂ ಆ ಬಾತುಗಳು ಇಲ್ಲೇ ಇರ್ಲಿ. ನೀವೂ ಇರಿ,” ಎಂದರು.

ಟೈಲರ್ ಓನರಮ್ಮನಿಗೆ ಕೈ ಮುಗಿದ. ಆ ಸಂತೋಷವನ್ನು ಹೇಳಲು ತೊಟ್ಟಿಯ ಕಡೆ ತಿರುಗಿದ.

ತೊಟ್ಟಿಯ ತಳದಲ್ಲಿ ಒಣಗಿದ ಕೆಸರು. ಹಲಗೆಯ ಮೇಲೆ ಕೆಸರಿನ ಹೆಜ್ಜೆಗಳು ಕೆಳಮುಖವಾಗಿ ಇಳಿದಿದ್ದವು. ಬಾತುಗಳಿಲ್ಲ.

“ಎಲ್ಲೇ ಅವು?”

“ನಿಮ್ಮ ಜಾತ್ರೆ ನಡುವೆ ನಾನೇನು ಕಂಡೆ?” ಹೆಂಡತಿಯೂ ಗಾಬರಿಯಾದಳು.

“ಬಾತಾ? ಆಗ್ಲೇ ನನ್ನ ಗಾಡಿ ಮುಂದೇನೇ ಹೋದ್ವಲ್ಲ ಅಣ್ಣ,” ಎಂದ ಇಸ್ತ್ರಿಯವನು. “ಒಂದರ ಹಿಂದೊಂದು. ಆಫೀಸಿಗೆ ಹೊತ್ತಾದೋರ ಹಾಗೆ.”

“ತಡೀಬಾರ್ದಿತ್ತೇನೋ?”

“ನೀವೇ ಕಳಿಸಿದ್ರಿ ಅನ್ಕೊಂಡೆ.”

ಓನರಮ್ಮನ ಬೆರಳು ಮತ್ತೆ ಮೇಲೆದ್ದಿತು.

“ನಾಳೆ ಬೆಳಗ್ಗೆ ಆ ನಾಲ್ಕೂ ಈ ಅಂಗಳದಲ್ಲಿರಬೇಕು. ಇಲ್ಲದಿದ್ರೆ ಮನೆ ಖಾಲಿ ಮಾಡಿ!”

ಟೈಲರ್ ಬರಿಗಾಲಲ್ಲೇ ಓಡಿದ. ಹಿಂದೆ ಹೆಂಡತಿ, ಅವಳ ಹಿಂದೆ ಮೇಷ್ಟ್ರು, ಅವರ ಹಿಂದೆ ಕೊಡಗಳ ಸಮೇತ ಅರ್ಧ ಬೀದಿ. ಬೀದಿ ಮುಗಿಯುವಲ್ಲಿ ದೊಡ್ಡ ಕೆರೆ. ಕೆರೆಯ ನಟ್ಟನಡುವೆ ನಾಲ್ಕು ಬಿಳಿ ಚುಕ್ಕೆಗಳು, ಈ ಬದಿಯಿಂದ ಆ ಬದಿಗೆ ಗೆರೆ ಎಳೆದ ಹಾಗೆ ಹೋಗುತ್ತಿದ್ದವು.

“ಬಾ ಬಾ ಬಾ! ಬರ್ರಮ್ಮಾ! ತೊಟ್ಟಿ ತುಂಬಿಸ್ತೀನಿ, ನನ್ನಾಣೆ!”

“ಇನ್ನೂ ಜೋರಾಗಿ ಕರೀರಿ,” ಎಂದರು ಹಿಂದಿನಿಂದ ಯಾರೋ. “ನಮಗೆ ನೀರು ಬೇಕು.”

ಅವನು ಜೋರಾಗಿ ಕರೆದ. ಎಲ್ಲರೂ ಕರೆದರು. ಬಾತುಗಳು ಆಚೆ ದಡ ಮುಟ್ಟಿದವು, ಮೈ ಕೊಡವಿಕೊಂಡವು. ಮುಂದಿನದು ಒಂದು ಸಲ ಕತ್ತು ತಿರುಗಿಸಿ, ಇತ್ತ ಕೊಡ ಹಿಡಿದು ನಿಂತ ಗುಂಪನ್ನು ನೋಡಿತು. ಆಮೇಲೆ ಹೆಜ್ಜೆಯ ವೇಗ ಹೆಚ್ಚಿಸಿ ಜೊಂಡಿನೊಳಗೆ ನಡೆಯಿತು. ಉಳಿದ ಮೂರೂ ಅದರ ಹಿಂದೆ, ಬಾಲ ಅಲ್ಲಾಡಿಸುತ್ತ, ಒಂದೊಂದಾಗಿ ಹೋದವು. ಜೊಂಡು ಸ್ವಲ್ಪ ಹೊತ್ತು ಅಲುಗಾಡಿ ನಿಂತಿತು.