ಮಾವನವರ ಎಣ್ಣೆಬಾವಿ

ನಮ್ಮ ಮಾವನವರಿಗೆ ಹುಚ್ಚಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿದ ಮೇಲೆ ನೀವು ನಂಬಲಿಕ್ಕಿಲ್ಲ! ಅವರಿಗಿದ್ದದ್ದು ಓದುವ ಚಟ. ಓದುವುದೆಂದರೆ ದೊಡ್ಡ ಗ್ರಂಥಗಳನ್ನಲ್ಲ, ಅಂಗಡಿಯವರು ಸಾಮಾನು ಕಟ್ಟಿಕೊಟ್ಟ ಪತ್ರಿಕೆಯ ತುಂಡುಗಳನ್ನು. ಸಂಜೆ ಕಂದೀಲು ಹಚ್ಚಿ, ಪಡಸಾಲೆಯಲ್ಲಿ ಕುಳಿತು, ಬೆಲ್ಲದ ಜಿಗುಟು ಬಿಡಿಸಿ ಬಿಡಿಸಿ ಓದುವರು. ಊಟ ಬಿಟ್ಟಾರು, ಕಂದೀಲು ಬಿಡರು.

ನಾನು ಆ ಮನೆಗೆ ಸೊಸೆಯಾಗಿ ಹೋದದ್ದು ಎರಡನೆಯ ಮಹಾಯುದ್ಧದ ಕಾಲಕ್ಕೆ. ಹಿರೇಕೆರೂರಿನಿಂದ ಅಬಲೂರಿಗೆ ಹೋಗುವ ಹಾದಿಯಲ್ಲೊಂದು ಹಳ್ಳಿ. ಚಿಮಣಿ ಎಣ್ಣೆಗೆ ಕಂಟ್ರೋಲು. ಸಿಕ್ಕಿದ್ದರಲ್ಲಿ ಒಂದು ಬಾಟಲಿ ಅಡುಗೆಮನೆಗೆ, ಒಂದು ಬಾಟಲಿ ಮಾವನವರ ಕಂದೀಲಿಗೆ. ಅದಕ್ಕಿಂತ ದೊಡ್ಡ ಕೊರತೆ ನೀರಿನದು. ಅತ್ತೆ ದಿನಕ್ಕೆ ಆರು ಕೊಡ ಕೆರೆಯಿಂದ ಹೊತ್ತು ತರಬೇಕು. ಅವರು ಬರುವುದು ಕಾಣುವ ಮೊದಲೇ ಮೊಣಕಾಲು ಕಟಕಟ ಎನ್ನುವುದು ಕೇಳುತ್ತಿತ್ತು. ಹಿತ್ತಲಲ್ಲಿ ಒಂದು ಬಾವಿ ತೋಡಿಸಿರೆಂದು ಇಪ್ಪತ್ತು ವರ್ಷದಿಂದ ಕೇಳಿದ್ದರು. ಆದರೆ ಮಾವನವರು ಯಾವಾಗಲೋ ಚಾವಡಿಯಲ್ಲಿ ಹತ್ತು ಜನರ ಮುಂದೆ "ನಮ್ಮ ಹಿತ್ತಲ ಕಲ್ಲಾಗ ನೀರಿಲ್ಲ" ಎಂದುಬಿಟ್ಟಿದ್ದರು. ಒಮ್ಮೆ ಅಂದದ್ದನ್ನು ಹಿಂದಕ್ಕೆ ತಗೊಳ್ಳುವುದೇ? ಮೀಸೆ ಬೋಳಿಸಿಕೊಂಡಾರು!

ಒಂದು ಸಂಜೆ ಸವಣೂರಿನ ವೀಳ್ಯದೆಲೆ ಕಟ್ಟಿದ ಕಾಗದ ಬಿಚ್ಚಿ ಓದಿದವರು ಎದ್ದು ನಿಂತರು. ಯಾವುದೋ ದೂರದೇಶದಲ್ಲಿ ಪದರುಗಲ್ಲಿಗೆ ತೂತು ಕೊರೆದರಂತೆ, ಭೂಮಿಯಿಂದ ಎಣ್ಣೆ ಚಿಮ್ಮಿತಂತೆ! ಎಷ್ಟು ಆಳ ಕೊರೆದರು? ಸರಿಯಾಗಿ ಅಲ್ಲಿಯೇ ಸುಣ್ಣ ಮೆತ್ತಿತ್ತು.

"ಏ, ಕೇಳಿದೇನ? ನಮ್ಮ ಹಿತ್ತಲದಾಗ ಎಂಥಾ ಕಲ್ಲೈತಿ?"

"ಕರೀ ಕಲ್ಲು. ರೊಟ್ಟಿ ಒಟ್ಟಿದಂಗ ಪದರ ಪದರ," ಎಂದರು ಅತ್ತೆ. "ಅದರಾಗ ನೀರಿಲ್ಲ ಅಂತ ನೀವ ಹೇಳಾಕತ್ತೀರಲ್ಲ."

"ನೀರು ಹೆಂಗ ಇರ್ತೈತಿ? ಎಣ್ಣಿ ತುಂಬೈತಿ!"

ಬಂಕಾಪುರದ ಕಮ್ಮಾರನಿಂದ ಕಲ್ಲು ಕೊರೆಯಲು ಎಂಟು ಮೊಳದ ಬೈರಿಗೆ ಬಂತು. ಅದನ್ನು ತಿರುಗಿಸುವುದು ಹೇಗೆ? ಮಾವನವರ ತರ್ಕ ಸರಳ: ಎಣ್ಣೆ ಬೇಕಾದರೆ ಗಾಣ ಕಟ್ಟಬೇಕು. ಬೈರಿಗೆಯ ತಲೆಗೆ ಅಡ್ಡಮರ ಬಿಗಿದು, ಎತ್ತು ಹೂಡಿ, ಕಣ್ಣಿಗೆ ಬಟ್ಟೆ ಕಟ್ಟಿ ಸುತ್ತಿಸಿದರು. ಊರಿನ ಗಾಣದಜ್ಜ ಗಾಬರಿಯಾಗಿ ಓಡಿ ಬಂದ.

"ನಮ್ಮ ಗಾಣಾ ಮುಚ್ಚಸ್ತೀರೇನ್ರಿ ಗೌಡ್ರ?"

"ಅಂಜಬ್ಯಾಡೋ. ನಿಂದು ಉಣ್ಣೋ ಎಣ್ಣಿ, ನಂದು ಉರಿಯೋ ಎಣ್ಣಿ!"

"ಹಂಗಾರ ಹಿಂಡಿ ಬಂದ್ರ ನನಗ ಕೊಡ್ರಿ, ಎಮ್ಮಿಗೆ ಹಾಕ್ತೇನಿ," ಎಂದ ಅಜ್ಜ.

ಸಂಗತಿ ಗುಟ್ಟಾಗಿರಬೇಕೆಂದು ಮಾವನವರ ಕಟ್ಟಪ್ಪಣೆ. ಸರ್ಕಾರಕ್ಕೆ ಗೊತ್ತಾದರೆ ಎಣ್ಣೆಯನ್ನೆಲ್ಲ ಯುದ್ಧಕ್ಕೆ ಒಯ್ದಾರು! ಈ ಗುಟ್ಟನ್ನು ಅವರೇ ಅಕ್ಕಿಆಲೂರಿನ ಸಂತೆಯಲ್ಲಿ ಒಬ್ಬೊಬ್ಬರ ಕಿವಿಯಲ್ಲಿ ಹೇಳಿ ಬಂದರು. ಮೂರನೆಯ ದಿನ ನಾದಿನಿಯನ್ನು ಕೊಟ್ಟ ಶಿಗ್ಗಾಂವಿಯಿಂದ ಬೀಗರು ಬಂದಿಳಿದರು. ಕೈಯಲ್ಲಿ ಹಣ್ಣಿಲ್ಲ, ಹೂವಿಲ್ಲ, ಖಾಲಿ ಡಬ್ಬಿ!

"ಸುಮ್ಮನ, ಮಾತಾಡಿಸಿ ಹೋಗೂಣು ಅಂತ ಬಂದ್ವಿ," ಎಂದರು, ಡಬ್ಬಿಯನ್ನು ಬೆನ್ನ ಹಿಂದೆ ಸರಿಸುತ್ತ.

ಐದನೆಯ ದಿನ ಬೈರಿಗೆ ಲಟಕ್ಕೆಂದು ಮುರಿಯಿತು. ಮಾವನವರು ಹಾರೆ, ಗುದ್ದಲಿ ಹಿಡಿದು ತಾವೇ ಗುಂಡಿ ತೋಡಲು ನಿಂತರು. ಎದೆಮಟ್ಟ ಇಳಿದರೂ ಬರೀ ಕಲ್ಲು. "ನಾಳೆ ಮುಚ್ಚಿಬಿಡೂಣು," ಎಂದು ಸಪ್ಪಗೆ ಕುಳಿತರು.

ಅತ್ತೆಯ ಮುಖ ಬಾಡಿತು. ಇಪ್ಪತ್ತು ವರ್ಷಕ್ಕೆ ಹಿತ್ತಲಲ್ಲಿ ಗುಂಡಿಯೊಂದು ಬಿದ್ದಿದೆ, ಅದೂ ಮುಚ್ಚಿದರೆ? ಮರುದಿನ ಮಧ್ಯಾಹ್ನ ಮಾವನವರು ಮಲಗಿದಾಗ ನನ್ನನ್ನು ಸನ್ನೆ ಮಾಡಿ ಕರೆದರು. ಅಡುಗೆಮನೆಯ ಬಾಟಲಿಯಿಂದ ಒಂದು ಚಮಚೆ ಚಿಮಣಿ ಎಣ್ಣೆ ಗುಂಡಿಯೊಳಗಿನ ಕಲ್ಲಿನ ಮೇಲೆ ಚಿಮುಕಿಸಿದರು.

"ಅತ್ತಿ, ಇದು ಮೋಸಲ್ಲೇನ್ರಿ?"

"ಮೋಸ ಯಾಕ? ಎಣ್ಣಿ ಐತಿ ಅಂದ್ರು, ಇಟ್ಟೆ."

ಸಂಜೆ ಗುಂಡಿಯಿಂದ ಗರ್ಜನೆ: "ವಾಸನಿ! ಬಂತು ವಾಸನಿ!" ಒಂದು ಕಲ್ಲು ಊರೆಲ್ಲ ಮೂಗಿನಿಂದ ಮೂಗಿಗೆ ತಿರುಗಿತು. ಬೀಗರು ಚಿಮಣಿ ಎಣ್ಣೆ ಎಂದರು, ಶಾಲೆಯ ಮಾಸ್ತರರು ಇಂಗು ಎಂದರು, ಗಾಣದಜ್ಜ ಮಾತ್ರ "ಗೌಡ್ರ ತಂಬಾಕಿನ ವಾಸನಿ" ಎಂದ.

ಅಲ್ಲಿಂದ ದಿನಕ್ಕೊಂದು ಚಮಚೆ, ದಿನಕ್ಕೊಂದು ಗೇಣು! ಬೇಸಿಗೆಯೆಲ್ಲ ಕಳೆಯಿತು, ಮಾತಾಡಿಸಿ ಹೋಗಲು ಬಂದ ಬೀಗರು ಮಾತ್ರ ಹೋಗಲಿಲ್ಲ. ವಿಚಿತ್ರವೆಂದರೆ ನಮ್ಮ ಬಾಟಲಿಯ ಎಣ್ಣೆ ಇಳಿಯಲೇ ಇಲ್ಲ. "ಹಣಮಪ್ಪನ ದಯಾ," ಎಂದು ಅತ್ತೆ ಬಾಟಲಿಗೇ ಕೈಮುಗಿಯುತ್ತಿದ್ದರು. ಮಾವನವರೋ, ಕಣ್ಣು ಉರಿಯುತ್ತವೆಂದು ಓದುವುದನ್ನೇ ಬಿಟ್ಟು ಕತ್ತಲಾಗುವ ಮೊದಲೇ ಉಂಡು ಮಲಗುತ್ತಿದ್ದರು.

ಒಂದು ಬೆಳಿಗ್ಗೆ ಕೆಳಗಿನಿಂದ ಕೂಗು: "ಬಂತು! ಬಂತು!" ಕೊಡ ಇಳಿಸಿ ಜಗ್ಗಿದೆವು. ಮೇಲೆ ನವಿಲುಗರಿಯ ಬಣ್ಣ ತೇಲುತ್ತಿತ್ತು. ಬೀಗರು ಡಬ್ಬಿ ಹಿಡಿದು ಓಡಿ ಬಂದರು. ಆ ಬಣ್ಣ ಹಿಂದಿನ ದಿನದ ಚಮಚೆಯದೆಂದು ನಮ್ಮಿಬ್ಬರಿಗೆ ಮಾತ್ರ ಗೊತ್ತು! ಅತ್ತೆ ಅದನ್ನು ಚೆಲ್ಲಿಸಿದರು. ಆಮೇಲೂ ನಾಲ್ಕಾರು ಕೊಡ ಚೆಲ್ಲಿಸಿ, ಕೊನೆಯ ಕೊಡದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದರು. ಎಳನೀರಿನಂಥ ನೀರು! ಕುಡಿಯುತ್ತ ಕುಡಿಯುತ್ತ ಅತ್ತೆಗೆ ಅಳು ಬಂತು.

ಮೈತುಂಬ ಕೆಸರಾಗಿ ಮೇಲೆ ಬಂದ ಮಾವನವರು ನೆರೆದ ಮಂದಿಗೆ ಸಾರಿದರು: "ನೀರಿಲ್ಲ ಅಂದದ್ದು ಸುಳ್ಳಲ್ಲ ಮತ್ತ! ಎಣ್ಣಿಗೆ ಹೊಂಟಿದ್ದೆ, ನಡುವ ಇದು ಅಡ್ಡ ಬಂತು!"

ಮರುದಿನ ಪಡಸಾಲೆ ಸಾರಿಸುವಾಗ ಅವರ ಕಂದೀಲನ್ನು ಗೂಟದಿಂದ ಇಳಿಸಿದೆ. ಹಗುರಾಗಿತ್ತು. ಒಳಗೆ ಹನಿ ಎಣ್ಣೆಯಿಲ್ಲ. ಗಾಜಿನಲ್ಲಿ ಜೇಡ ಮನೆಮಾಡಿತ್ತು. ಪಕ್ಕದ ಬಾಟಲಿಯೂ ಖಾಲಿ. ನಾನು ಅಲ್ಲೇ ಕುಳಿತಿದ್ದ ಮಾವನವರ ಮುಖ ನೋಡಿದೆ.

"ಎಳ್ಳು ಹಾಕದ ಗಾಣಾ ತಿರುವಿದ್ರ ಎಣ್ಣಿ ಬರ್ತೈತೇನವ್ವಾ?" ಎಂದರು ಮೆಲ್ಲಗೆ. "ವಾಸನಿ ಬಂದ ಮೊದಲನೇ ದಿನಾನ ಗೊತ್ತಾತು. ಆಕೀ ಬಾಟ್ಲಿ ಬರಿದಾದ್ರ ನಾ ಮತ್ತ್ಯಾವ ನೆವಾ ಮಾಡಿ ಇಳೀಲಿ? ಹೇಳಬ್ಯಾಡ ಮತ್ತ."

ಅಷ್ಟರಲ್ಲಿ ಅತ್ತೆ ತಂಬಿಗೆ ತುಂಬ ನೀರು ತಂದು ನನ್ನ ಕೈಗಿತ್ತರು. "ಎಣ್ಣಿ ಸಿಗಲಿಲ್ಲಂತ ಪಾಪ, ಸಪ್ಪಗ ಕುಂತಾರ. ಇದನ್ನರ ಕೊಡು," ಎಂದು ಪಿಸುಗುಟ್ಟಿದರು.

ಮಾವನವರು ತಂಬಿಗೆಯನ್ನು ಮೂಗಿಗೆ ಹಿಡಿದು ಮೂಸಿದರು. ಆಮೇಲೆ ಕಣ್ಣು ಮುಚ್ಚಿ, ಒಂದು ಹನಿಯೂ ಚೆಲ್ಲದಂತೆ, ಪೂರಾ ಕುಡಿದರು.